ಒಂಬತ್ತು ಪಟ್ಟಿಯ ಮರುಭೂಮಿ ಗಾಡಿ

ಸ್ಪ್ರಿಂಗಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಹತ್ತೊಂಬತ್ತು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಅದನ್ನೇ ಪಾಠ ಮಾಡುತ್ತಿದ್ದೇನೆ. ಎಳೆದರೆ ಉದ್ದವಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಮನುಷ್ಯರ ಹಾಗಲ್ಲ. ಆದ್ದರಿಂದ ನಮ್ಮ ಮನೆಯ ಹಳೆಯ ಪಿಕಪ್ಪನ್ನು ರಾಜಸ್ಥಾನದ ಮರುಭೂಮಿಯಲ್ಲಿ ಓಡುವ ರೇಸ್ ಗಾಡಿಯನ್ನಾಗಿ ಪರಿವರ್ತಿಸುವುದು ನನಗೆ ಒಂದು ಸಣ್ಣ ಪ್ರಾಯೋಗಿಕ ತರಗತಿಯಂತೆ ಕಂಡಿತು. ಎರಡು ತಿಂಗಳ ಕೆಲಸ, ಹೆಚ್ಚೆಂದರೆ!

ಇಲ್ಲಿ ಬರೆಯುವುದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಡೆಯಿತೆಂದು ನಾನು ನಂಬಿರುವುದು ಎಂದು ಈಗ ಖಚಿತವಾಗಿ ಹೇಳಲಾರೆ. ಮೊದಲು ಹೇಳುತ್ತಿದ್ದೆ. ಮೊದಲೆಲ್ಲ ನಾನು ಬೇರೆಯವರ ನೆನಪನ್ನು ಮಾತ್ರ ಸಂಶಯಿಸುತ್ತಿದ್ದೆ. ಯಾರಾದರೂ ಹನ್ನೆರಡು ಅಡಿಯ ಕಾಳಿಂಗವನ್ನು ಕಂಡೆ ಎಂದರೆ, "ಟೇಪು ಹಿಡಿದಿದ್ದೀರಾ?" ಎಂದು ಕೇಳುತ್ತಿದ್ದೆ. ಯಾರದಾದರೂ ಅಜ್ಜ ಒಂದೇ ಕೈಯಲ್ಲಿ ಹುಲಿ ಓಡಿಸಿದ್ದರೆ, "ಸಾಕ್ಷಿ ಎಲ್ಲಿ?" ಎನ್ನುತ್ತಿದ್ದೆ. ಇದರಿಂದ ನಮ್ಮ ಊರು ಆಲಂಕಾರಿನ ಸುತ್ತಮುತ್ತ ನನಗೆ 'ಸಾಕ್ಷಿ ಮಾಷ್ಟ್ರು' ಎಂಬ ಬಿರುದು ಬಂತು. ಜೊತೆಗೆ ಮದುವೆ ಮನೆಗಳಲ್ಲಿ ನನ್ನ ಪಕ್ಕದ ಕುರ್ಚಿ ಯಾವಾಗಲೂ ಖಾಲಿ ಇರತೊಡಗಿತು.

ಇನ್ನು, ಮರುಭೂಮಿ ಯಾಕೆ? ನಮ್ಮಲ್ಲಿ ಗಾಡಿಯ ಸಾಹಸ ಎಂದರೆ ಕೆಸರು. ಸುಳ್ಯದಿಂದ ಸುಬ್ರಹ್ಮಣ್ಯದವರೆಗೆ ಮಳೆಗಾಲದಲ್ಲಿ ಜೀಪುಗಳನ್ನು ಕೆಸರಿನಲ್ಲಿ ಹೂತು, ಅದನ್ನು ಎಳೆಯಲು ಇನ್ನೊಂದು ಜೀಪು ತಂದು, ಅದನ್ನೂ ಹೂತು ಚಪ್ಪಾಳೆ ತಟ್ಟುವವರು ನೂರಾರು ಮಂದಿ ಇದ್ದಾರೆ. ಅದಕ್ಕೆ ವಿದ್ಯೆ ಬೇಡ. ಮರಳಿಗೆ ಬೇಕು. ಮರಳಿನ ದಿಬ್ಬದ ಮೇಲೆ ಗಾಡಿ ಹಾರಿ ಹತ್ತಿಯಂತೆ ಇಳಿಯಬೇಕಾದರೆ ಸ್ಪ್ರಿಂಗು ಮೃದುವಾಗಿರಬೇಕು, ಚಕ್ರ ಅಡಿಗಟ್ಟಲೆ ಮೇಲೆ ಕೆಳಗೆ ಆಡಬೇಕು. ಇದನ್ನು ನಾನು ರಾತ್ರಿಯೂಟದ ಹೊತ್ತಿಗೆ ತಟ್ಟೆ, ಲೋಟ, ಹಪ್ಪಳ ಬಳಸಿ ಹೆಂಡತಿ ವಿಜಯಳಿಗೆ ವಿವರಿಸಿದೆ.

"ಹಪ್ಪಳ ತಿನ್ನಿ, ಮೆತ್ತಗಾಗ್ತದೆ," ಎಂದಳು. ಆಮೇಲೆ, "ಅಲ್ಲ ಮಾರಾಯ್ರೆ, ಪಿಕಪ್ಪು ರೇಸಿಗೆ ಹೋದ್ರೆ ನನ್ನ ರಬ್ಬರ್ ಶೀಟು ಯಾರು ಹೊರುದು? ನೀವಾ?"

ನಮ್ಮ ರಬ್ಬರಿನ ವ್ಯವಹಾರವೆಲ್ಲ ಅವಳದ್ದು. ಪಿಕಪ್ಪಿನ ಕಾಗದಪತ್ರವೂ ಅವಳ ಹೆಸರಿನಲ್ಲೇ ಇದೆ. ನನ್ನ ಹೆಸರಿನಲ್ಲಿರುವುದು ಎಂಎಸ್ಸಿ ಮಾತ್ರ.

"ರೇಸ್ ಮುಗಿದ ಮೇಲೆ ಶೀಟೂ ಹೊರುತ್ತದೆ. ಇಪ್ಪತ್ತು ಕಟ್ಟು!" ಎಂದುಬಿಟ್ಟೆ.

"ಹಾಗಾದ್ರೆ ಈಗಲೇ ತೋಮಚ್ಚನಿಗೆ ಹೇಳಿ. ನನ್ನೆದುರೇ ಹೇಳಿ."

ತೋಮಚ್ಚ ಎಂದರೆ ನೆಲ್ಯಾಡಿ ರಸ್ತೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟಿರುವ ತೋಮಸ್. ಕೇರಳದಿಂದ ಅವನ ಅಪ್ಪನ ಕಾಲದಲ್ಲಿ ಬಂದ ಕುಟುಂಬ. ರಬ್ಬರ್ ಒತ್ತುವ ಮಿಷನ್ನಿನಿಂದ ಹಿಡಿದು ಚರ್ಚಿನ ಗೇಟಿನವರೆಗೆ ಅವನು ಬೆಸುಗೆ ಹಾಕದ ಕಬ್ಬಿಣ ಕಡಬ ತಾಲೂಕಿನಲ್ಲಿ ಇಲ್ಲ. ಹದಿನೈದು ವರ್ಷಗಳಿಂದ ನನ್ನ ಗೆಳೆಯ. ಅಷ್ಟು ವರ್ಷ ನನ್ನ ಜೊತೆ ಮಾತು ಬಿಡದೆ ಉಳಿದವನು ಅವನೊಬ್ಬನೇ. ನಾನು ವಾದ ಶುರುಮಾಡಿದ ತಕ್ಷಣ ಅವನು ಗ್ರೈಂಡರ್ ಆನ್ ಮಾಡುತ್ತಿದ್ದುದು ಅದಕ್ಕೆ ಕಾರಣವಿರಬಹುದು.

ವಿಜಯ ಎದುರಿಗೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದಳು. ನಾನು ಮೊಬೈಲು ಬಾಯಿಗೆ ಹಿಡಿದು ವಾಯ್ಸ್ ಮೆಸೇಜು ಕಳಿಸಿದೆ. ಮನಸ್ಸಿನಲ್ಲೇ ತೀರ್ಮಾನಿಸಿಕೊಂಡೆ: ನಾಳೆ ತೋಮಚ್ಚನಿಗೆ ಫೋನು ಮಾಡಿ ಇದನ್ನು ರದ್ದು ಮಾಡಬೇಕು.

ಮಾಡಿದೆ. ಕಾಲೇಜಿನ ಹತ್ತಿರದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾಡಿದೆ. ಸುಬ್ರಹ್ಮಣ್ಯದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಒಂದು ಕಿವಿಗೆ ಬೆರಳಿಟ್ಟುಕೊಂಡು, "ತೋಮಚ್ಚ, ಲೋಡಿನ ಮಾತು ಮರೆತುಬಿಡು. ಸ್ಪ್ರಿಂಗಿಗೆ ನನ್ನ ಡ್ರಾಯಿಂಗ್‌ನಲ್ಲಿ ಇರುವಷ್ಟೇ ಪಟ್ಟಿ," ಎಂದೆ. ಅವನು "ಆಯ್ತು ಮಾಷ್ಟ್ರೆ" ಎಂದ. ಇದೆಲ್ಲ ನನಗೆ ಚಿತ್ರದ ಹಾಗೆ ನೆನಪಿದೆ.

ಡ್ರಾಯಿಂಗನ್ನು ನಾನು ಗ್ರಾಫ್ ಹಾಳೆಯಲ್ಲಿ ಮೂರು ಬಣ್ಣದ ಪೆನ್ಸಿಲಿನಿಂದ ಮಾಡಿದ್ದೆ. ಪಿಕಪ್ಪಿನ ಹಿಂದಿನ ಚಕ್ರದ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಬಿಲ್ಲಿನ ಹಾಗೆ, ಅದೇ ಅದರ ಸ್ಪ್ರಿಂಗು. ಪಟ್ಟಿ ಹೆಚ್ಚಾದಷ್ಟು ಬಿಗಿ, ಕಡಿಮೆಯಾದಷ್ಟು ಮೃದು. ನನ್ನ ಲೆಕ್ಕದಲ್ಲಿ ನಾಲ್ಕೇ ಪಟ್ಟಿ. ಉದ್ದ, ತೆಳು, ನಾಜೂಕು.

ತೋಮಚ್ಚ ಅದನ್ನು ಮೊದಲು ನೋಡಿದಾಗ ಕೇಳಿದ್ದು ಒಂದೇ ಪ್ರಶ್ನೆ: "ಲೋಡು ಎಷ್ಟು ಮಾಷ್ಟ್ರೆ?"

"ಲೋಡೇ ಇಲ್ಲ. ನಾನು, ನೀನು, ಅಷ್ಟೇ."

"ಲೋಡು ಇಲ್ಲದೆ ಗಾಡಿ ಯಾಕೆ ಹೋಗುದು?" ಎಂದು ಅವನು ನಿಜವಾಗಿಯೂ ತಿಳಿಯದೆ ಕೇಳಿದ. ನಮ್ಮ ಊರಿನಲ್ಲಿ ಜೀಪು ಎಂದರೆ ಒಳಗೆ ಹದಿನಾಲ್ಕು ಜನ, ಹಿಂದೆ ನೇತಾಡುವವರು ನಾಲ್ಕು, ಮೇಲೆ ಎರಡು ಚೀಲ ಹಿಂಡಿ. ಖಾಲಿ ಗಾಡಿ ಓಡಿಸುವವನು ಒಂದೋ ಡೀಸೆಲ್ ಕದ್ದವನು, ಇಲ್ಲವೇ ಮನೆಯಲ್ಲಿ ಜಗಳ ಮಾಡಿಕೊಂಡವನು.

ಆದರೆ "ನೀನು" ಎಂಬ ಮಾತು ಅವನಿಗೆ ತಟ್ಟಿತ್ತು. ರೇಸಿನಲ್ಲಿ ನಕ್ಷೆ ಹಿಡಿದು ದಾರಿ ಹೇಳಲು ಪಕ್ಕದಲ್ಲಿ ಒಬ್ಬ ಬೇಕು. ಆ ಒಬ್ಬ ತೋಮಚ್ಚನೇ ಎಂದು ನಾನು ಮಾತು ಕೊಟ್ಟಿದ್ದೆ.

"ಚರ್ಚಿನಲ್ಲಿ ಚಿಕ್ಕಂದಿನಿಂದ ಮರುಭೂಮಿ ಮರುಭೂಮಿ ಅಂತ ಕೇಳುದು ಮಾತ್ರ," ಎಂದ. "ಒಮ್ಮೆ ಕಣ್ಣಲ್ಲಿ ನೋಡ್ಬೇಕು ಮಾಷ್ಟ್ರೆ."

"ಬೈಬಲಿನ ಆ ಮರುಭೂಮಿ ಬೇರೆ. ರಾಜಸ್ಥಾನದ್ದಲ್ಲ."

"ಮರಳು ಮರಳೇ ಅಲ್ವಾ?"

ಅವನು ಪುತ್ತೂರಿಗೆ ಹೋಗಿ ಕಪ್ಪು ಕನ್ನಡಕ ತಂದ. ಅದನ್ನು ಶಾಪಿನ ಮೊಳೆಗೆ ನೇತುಹಾಕಿ, ಬಂದವರಿಗೆಲ್ಲ ತೋರಿಸುತ್ತಿದ್ದ. ರಾಜಸ್ಥಾನದಲ್ಲಿ ಅಕ್ಕಿ ಊಟ ಸಿಗುತ್ತದೋ ಇಲ್ಲವೋ ಎಂಬುದೊಂದೇ ಅವನ ಚಿಂತೆ.

ಇಷ್ಟರಲ್ಲಿ ನನಗೆ ಮಂಗಳೂರಿನಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸ ಬಂತು. ಎರಡು ವಾರ ಕಳೆದು ಬರುವಾಗ ಗಾಡಿ ಸಿದ್ಧವಾಗಿತ್ತು. ಕೆಂಪು ಬಣ್ಣ. ತಲೆಯ ಮೇಲೆ, ಪಲ್ಟಿಯಾದರೆ ಕಾಯಲು, ಕಬ್ಬಿಣದ ಗೂಡು. ಹಿಂಭಾಗ ಸ್ವಲ್ಪ ಹೆಚ್ಚೇ ಎತ್ತರವಾಗಿ, ನಮಸ್ಕರಿಸಲು ಬಗ್ಗಿದ ಹಾಗೆ ನಿಂತಿತ್ತು. ಪಟ್ಟಿಗಳ ಕಟ್ಟು ದಪ್ಪ ಕಂಡಿತು. ಬಣ್ಣ ದಪ್ಪ ಹೊಡೆದಿರಬೇಕು ಎಂದುಕೊಂಡೆ. ಎಣಿಸಲಿಲ್ಲ. ಸಾಕ್ಷಿ ಮಾಷ್ಟ್ರು ಎಣಿಸಲಿಲ್ಲ!

ಮನೆಗೆ ಓಡಿಸಿಕೊಂಡು ಬರುವಾಗ ಪ್ರತಿ ಹೊಂಡಕ್ಕೂ ನನ್ನ ತಲೆ ಗೂಡಿಗೆ ಬಡಿಯಿತು. "ಹೊಸ ಸ್ಪ್ರಿಂಗು ಪಳಗಲು ಸಮಯ ಬೇಕು," ಎಂದು ಪಕ್ಕದಲ್ಲಿದ್ದ ತೋಮಚ್ಚನಿಗೆ ವೈಜ್ಞಾನಿಕವಾಗಿ ವಿವರಿಸಿದೆ. ಅವನು ಏನೋ ಹೇಳಲು ಬಾಯಿ ತೆರೆದ. ಮುಂದಿನ ಹೊಂಡ ಬಂತು. ಬಾಯಿ ಮುಚ್ಚಿದ.

ಇನ್ನು ಪರೀಕ್ಷೆ. ಕಡಬ, ಸುಳ್ಯ, ಪುತ್ತೂರು ಮೂರೂ ತಾಲೂಕು ಹುಡುಕಿದರೂ ಮರುಭೂಮಿ ಇಲ್ಲ. ನದಿಯ ಮರಳನ್ನು ಮುಟ್ಟಿದರೆ ಕೇಸು. ಉಳಿದದ್ದು ನೆರೆಮನೆಯ ಇದಿನಬ್ಬ. ಅವರು ಹೊಸ ಮನೆ ಕಟ್ಟಿಸುತ್ತಿದ್ದರು. ಪಂಚಾಂಗದ, ಅಂದರೆ ಅಡಿಪಾಯದ ಕಟ್ಟೆಯ ಎದುರು ಮೂರು ಲಾರಿ ಎಂ-ಸ್ಯಾಂಡ್ ರಾಶಿ ಬಿದ್ದಿತ್ತು. ಕ್ರಷರಿನಿಂದ ಬಂದ ಕಲ್ಲಿನ ಪುಡಿ. ನನಗೆ ಅದು ಥಾರ್ ಮರುಭೂಮಿಯಾಗಿ ಕಂಡಿತು.

"ಒಂದೇ ಸಲ ಹಾರಿಸುತ್ತೇನೆ ಇದಿನಬ್ಬಾಕ. ಒಂದು ಹಿಡಿ ಮರಳೂ ಆಚೀಚೆ ಆಗುವುದಿಲ್ಲ."

"ಮಾಷ್ಟ್ರೆ, ನೀವು ಕಲಿತವರು, ನಿಮಗೆ ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ," ಎಂದರು ಇದಿನಬ್ಬ. "ಆದ್ರೆ ರಾಶಿಯ ಆಚೆ ಬದಿ ನನ್ನ ಅಡಿಗೆಕೋಣೆ ಉಂಟು. ಈಗ ಬರೀ ಕಲ್ಲು ಕಟ್ಟಿದ್ದು, ಆದ್ರೂ ಅಡಿಗೆಕೋಣೆಯೇ."

ಭಾನುವಾರ ಬೆಳಿಗ್ಗೆ ನಲವತ್ತು ಮಂದಿ ಸೇರಿದರು. ತೋಮಚ್ಚ ಚರ್ಚು ಮುಗಿಸಿ, ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಕಪ್ಪು ಕನ್ನಡಕ ಹಾಕಿಕೊಂಡೇ ಬಂದ. ಮರಳು ನೋಡಿ, "ಇದು ಟ್ರಯಲ್ ಮರುಭೂಮಿ," ಎಂದು ನಕ್ಕ. ಮೊದಲ ಸಲ ನಾನೊಬ್ಬನೇ ಓಡಿಸುವುದೆಂದು ನಿಶ್ಚಯಿಸಿದ್ದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ.

ಗಾಡಿ ರಾಶಿ ಹತ್ತಿತು. ಮುಂದಿನ ಚಕ್ರಗಳು ತುದಿ ದಾಟಿದವು. ಆಗ ಹಿಂದಿನ ಸ್ಪ್ರಿಂಗು ಹತ್ತಿಯಂತೆ ಮಣಿಯಬೇಕಿತ್ತು. ಮಣಿಯಲಿಲ್ಲ. ಹಿಂಭಾಗವನ್ನು ಯಾರೋ ಒದ್ದ ಹಾಗೆ ಮೇಲಕ್ಕೆಸೆಯಿತು. ನಾನು ವಿಂಡ್‌ಶೀಲ್ಡಿನ ಮೂಲಕ ಆಕಾಶ ನೋಡಬೇಕಾದವನು ಇದಿನಬ್ಬರ ಅಂಗಳದ ಒಂದು ಇರುವೆಯನ್ನು ನೋಡಿದೆ. ಮೂತಿ ನೆಲಕ್ಕೆ ಬಡಿಯಿತು. ಆಮೇಲೆ ಹಿಂಭಾಗ. ಮತ್ತೆ ಹಿಂಭಾಗ. ಮೂರನೇ ಸಲವೂ ಹಿಂಭಾಗವೇ! ಕಪ್ಪೆಯ ಹಾಗೆ ಕುಪ್ಪಳಿಸುತ್ತ ಗಾಡಿ ಪಂಚಾಂಗ ಹತ್ತಿ, ಅಡಿಗೆಕೋಣೆಯ ಕಲ್ಲಿನ ಮೇಲೆ ಹೊಟ್ಟೆ ಊರಿ, ನಾಲ್ಕು ಚಕ್ರವೂ ಗಾಳಿಯಲ್ಲಿ ತಿರುಗುತ್ತ ನಿಂತಿತು.



"ಗೃಹಪ್ರವೇಶ ಆಯ್ತು," ಎಂದರು ಇದಿನಬ್ಬ.

ನಲವತ್ತು ಮಂದಿ ನಕ್ಕರು. ಆ ನಗು ನನಗೆ ತಡೆಯಲಾಗಲಿಲ್ಲ. ಇಳಿದು ಗಾಡಿಯ ಕೆಳಗೆ ಬಗ್ಗಿ ನೋಡಿದೆ. ಆಗ ಎಣಿಸಿದೆ. ಒಂಬತ್ತು ಪಟ್ಟಿ!

"ತೋಮಸ್! ಡ್ರಾಯಿಂಗ್‌ನಲ್ಲಿ ಎಷ್ಟಿತ್ತು?" ತೋಮಚ್ಚ ಎನ್ನಲಿಲ್ಲ, ತೋಮಸ್ ಎಂದೆ. ಅದು ನೆನಪಿದೆ.

"ನಾಲ್ಕು. ಆದ್ರೆ ನೀವು ಹೇಳಿದ್ದನ್ನೇ ಮಾಡಿದ್ದು ಮಾಷ್ಟ್ರೆ."

"ನಾನು ಹೇಳಿದ್ದಾ? ನಾನು ಫೋನು ಮಾಡಿ ಬೇಡ ಎಂದಿದ್ದೆ! ನಿನಗೆ ಡ್ರಾಯಿಂಗ್ ಓದಲು ಬರುವುದಿಲ್ಲ ಎನ್ನು. ನೀನು ಗೇಟು ಬೆಸೆಯುವವನು, ಗೇಟೇ ಬೆಸೆಯಬೇಕಿತ್ತು. ತಪ್ಪು ನನ್ನದೇ, ರೇಸ್ ಗಾಡಿಯನ್ನು ನಿನ್ನ ಕೈಗೆ ಕೊಟ್ಟೆ. ನಾನು ಹೇಳಿದ್ದಕ್ಕೆ ಸಾಕ್ಷಿ ಎಲ್ಲಿ?"

ತೋಮಚ್ಚ ಜೇಬಿನಿಂದ ಮೊಬೈಲು ತೆಗೆದ. ಸ್ವಲ್ಪ ಹೊತ್ತು ಅದನ್ನೇ ನೋಡಿದ. ಸುತ್ತ ನಿಂತವರನ್ನು ನೋಡಿದ. ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಕನ್ನಡಕ ತೆಗೆದು ಅದನ್ನೂ ಜೇಬಿಗೆ ಹಾಕಿಕೊಂಡ. ಬೈಕು ಹತ್ತಿ ಹೋದ.

"ನೋಡಿದಿರಾ? ಸಾಕ್ಷಿ ಇಲ್ಲ!" ಎಂದು ನಾನು ಜನರಿಗೆ ಹೇಳಿದೆ.

ಮನೆಗೆ ಬಂದ ಮೇಲೆ ವಿಜಯ ನನಗೆ ನೀರು ಕೂಡ ಕೊಡಲಿಲ್ಲ. "ನಿಮ್ಮ ಮೊಬೈಲಿನಲ್ಲಿ ಉಂಟಲ್ಲ ನೀವು ಕಳ್ಸಿದ್ದು. ಹಾಕಿ, ಕೇಳುವ."

ಹಾಕಿದೆ. ನನ್ನದೇ ಧ್ವನಿ. ತರಗತಿಯಲ್ಲಿ ಪಾಠ ಮಾಡುವ ಗಂಭೀರ ಧ್ವನಿ: "ತೋಮಚ್ಚ, ಇಪ್ಪತ್ತು ಕಟ್ಟು ಶೀಟು ಹೊರುವ ಹಾಗೆ ಪಟ್ಟಿ ಹಾಕು. ಡ್ರಾಯಿಂಗನ್ನು ಅದಕ್ಕೆ ಸರಿಯಾಗಿ ಬದಲಿಸಿಕೋ." ಅದರ ಕೆಳಗೆ ತೋಮಚ್ಚ ಟೈಪು ಮಾಡಿದ ಪ್ರಶ್ನೆ: "ಹಾಗಾದ್ರೆ ರೇಸಿಗೆ ಆಗ್ತದಾ ಮಾಷ್ಟ್ರೆ?" ಅದರ ಕೆಳಗೆ ನಾನು ಒತ್ತಿ ಕಳಿಸಿದ ಒಂದು ಹೆಬ್ಬೆರಳಿನ ಚಿತ್ರ.

"ಆದರೆ ಮರುದಿನ ಫೋನು ಮಾಡಿದ್ದೆ. ಬಸ್‌ಸ್ಟ್ಯಾಂಡಿನಿಂದ."

ವಿಜಯ ಮೊಬೈಲು ಕಸಿದುಕೊಂಡು ಕರೆಗಳ ಪಟ್ಟಿ ತೆಗೆದಳು. ಆ ದಿನ ನಾನು ಮಾಡಿದ ಕರೆ ಒಂದೇ, ಗ್ಯಾಸ್ ಬುಕ್ ಮಾಡಿದ್ದು. ಅದರ ಮರುದಿನವೂ ತೋಮಚ್ಚನಿಗೆ ಕರೆ ಇಲ್ಲ. ಆ ವಾರವೇ ಇಲ್ಲ. ಬಸ್ಸಿನ ಹಾರ್ನು, ಕಿವಿಯಲ್ಲಿಟ್ಟ ಬೆರಳು, "ಆಯ್ತು ಮಾಷ್ಟ್ರೆ" ಎಲ್ಲವೂ ನನ್ನ ತಲೆಯಲ್ಲೇ ತಯಾರಾದದ್ದು. ಮಾಡಬೇಕೆಂದು ಅಂದುಕೊಂಡದ್ದನ್ನು ನನ್ನ ತಲೆ ಮಾಡಿಯಾಯಿತು ಎಂದು ದಾಖಲಿಸಿಕೊಂಡಿತ್ತು. ಹಾರ್ನಿನ ಸಮೇತ!

ತೋಮಚ್ಚನ ಜೇಬಿನಲ್ಲಿ ಸಾಕ್ಷಿ ಇತ್ತು. ನಲವತ್ತು ಮಂದಿಯ ಎದುರು ಅವನು ಅದನ್ನು ಒತ್ತಲಿಲ್ಲ. ನನ್ನ ಬಳಿ ಏನೂ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ.

ರೇಸಿನಿಂದ ಹೆಸರು ವಾಪಸು ತೆಗೆದೆ. ಇದಿನಬ್ಬರ ಕಲ್ಲು ಕಟ್ಟಿಸಿಕೊಟ್ಟೆ. ಗಾಡಿ ಈಗ ವಿಜಯಳ ಬಳಿ ಇದೆ. ಇಪ್ಪತ್ತು ಕಟ್ಟು ಶೀಟು ಹೇರಿದರೆ ಹಿಂಭಾಗ ಇಳಿದು ನೇರವಾಗಿ ನಿಂತು, ರಸ್ತೆಯ ಮೇಲೆ ಬೆಣ್ಣೆಯಂತೆ ಸಾಗುತ್ತದೆ. ಅಷ್ಟು ಚಂದ ಲೋಡು ಹೊರುವ ಗಾಡಿ ತಾಲೂಕಿನಲ್ಲೇ ಇಲ್ಲವೆಂದು ರಬ್ಬರ್ ಸೊಸೈಟಿಯಲ್ಲಿ ಹೇಳುತ್ತಾರೆ. ತೋಮಚ್ಚನ ಲೆಕ್ಕದಲ್ಲಿ ಒಂದು ನೂಲಿನಷ್ಟೂ ತಪ್ಪಿಲ್ಲ.

ಆ ಭಾನುವಾರ ಕಳೆದು ಮುಂದಿನ ವಾರ ಸ್ಕೂಟರ್ ಹತ್ತಿ ಅವನ ಶಾಪಿಗೆ ಹೋದೆ. ಅವನು ಯಾವುದೋ ಗೇಟು ಬೆಸೆಯುತ್ತಿದ್ದ. ಕಿಡಿ ಹಾರುತ್ತಿತ್ತು. ಮೊಳೆಯಲ್ಲಿ ಕನ್ನಡಕ ಇರಲಿಲ್ಲ. ನನ್ನನ್ನು ಕಂಡು ಮುಖದ ಕವಚ ಎತ್ತಿದ. "ತೋಮಚ್ಚ, ತಪ್ಪು ಪೂರ್ತಿ ನನ್ನದು. ಮೆಸೇಜು ಕೇಳಿದೆ. ಆ ನಲವತ್ತು ಮಂದಿಯನ್ನು ಮತ್ತೆ ಸೇರಿಸಿ ಹೇಳಲೂ ತಯಾರಿದ್ದೇನೆ," ಎಂದೆ. ಅವನ ಕಣ್ಣು ತುಂಬಿತು. ಹೆಗಲ ಮೇಲೆ ಕೈ ಇಟ್ಟ. ಅವನ ಹೆಂಡತಿ ಲೀಲಮ್ಮ ಕಟ್ಟಂಚಾಯ ತಂದುಕೊಟ್ಟರು, ಹಾಲಿಲ್ಲದ್ದು, ಸಕ್ಕರೆ ಹೆಚ್ಚು. ಹಗುರಾಗಿ ಮನೆಗೆ ಬಂದೆ.

ಆದರೂ ತಿಂಗಳಾಯಿತು, ತೋಮಚ್ಚ ಒಮ್ಮೆಯೂ ಬರಲಿಲ್ಲ. ಫೋನು ಎತ್ತಲಿಲ್ಲ. ಕ್ಷಮೆ ಕೇಳಿದ ಮೇಲೂ ಇಷ್ಟು ಹಟವೇ ಎಂದು ನನಗೆ ಸಣ್ಣಗೆ ಸಿಟ್ಟೂ ಬಂತು.

ಮೊನ್ನೆ ವಿಜಯ ಕಡಬದಿಂದ ಬಂದವಳು ಚೀಲವನ್ನು ಮೇಜಿನ ಮೇಲೆ ಇಡದೆ ಕೈಯಲ್ಲೇ ಹಿಡಿದು ನಿಂತಳು.

"ಲೀಲಮ್ಮ ಸಿಕ್ಕಿದ್ರು. ಆವತ್ತು ಶಾಪಿಗೆ ಹೋಗಿ ನೀವು ಎಂತ ಹೇಳಿದ್ದು?"

"ಕ್ಷಮೆ ಕೇಳಿದೆ. ಹೇಳಿದೆನಲ್ಲ. ಅವರೇ ಚಾಯ ಕೊಟ್ಟರು."

"ಎಂತ ಚಾಯ? ನೀವು ಸ್ಕೂಟರಿನಿಂದ ಇಳಿಯಲೇ ಇಲ್ವಂತೆ. ರಸ್ತೆಯಲ್ಲೇ ನಿಂತು, 'ಇಲ್ಲಿ ಕರೆಂಟ್ ಉಂಟಾ?' ಅಂತ ಕೇಳಿದ್ರಂತೆ. ತೋಮಚ್ಚ ಉಂಟು ಅಂದ್ರಂತೆ. ನೀವು ಹಾಗೇ ವಾಪಸ್ ಬಂದ್ರಂತೆ."

ಸಾಕ್ಷಿ ಎಲ್ಲಿ ಎಂದು ಕೇಳಲು ಬಾಯಿ ತೆರೆದೆ. ಮುಚ್ಚಿದೆ.

ಕರೆಂಟ್ ಇದ್ದದ್ದು ಮಾತ್ರ ನಿಜ. ಕಿಡಿ ಹಾರುತ್ತಿತ್ತು.