ಬಿಸಿಲಿಗೆ ಹಾಕಿದ ಸೂಟ್‌ಕೇಸು

ಸೂಟ್‌ಕೇಸನ್ನು ಬಿಸಿಲಿಗೆ ಹಾಕಿದ್ದೇ ತಪ್ಪಾಯಿತು. ಮಂಚದ ಕೆಳಗೆ ವರ್ಷಗಟ್ಟಲೆ ಬಿದ್ದು ಮುಗ್ಗಲು ವಾಸನೆ ಹಿಡಿದಿದ್ದ ಅದನ್ನು ಲಿಫ್ಟಣ್ಣ ಬೆಳಗ್ಗೆ ತಾರಸಿಗೆ ಒಯ್ದು, ಬಾಯಿ ತೆರೆದು, ನೀರಿನ ಟ್ಯಾಂಕಿಗೆ ಒರಗಿಸಿಟ್ಟು ಬಂದ. ಒಂದಿಷ್ಟು ಬಿಸಿಲು ಕಂಡರೆ ವಾಸನೆ ಹೋದೀತು ಅನ್ನುವುದಷ್ಟೇ ಅವನ ಆಸೆ. ಆದರೆ ಆ ನಾಲ್ಕು ಮಹಡಿಯ ಹಳೇ ಕಟ್ಟಡದಲ್ಲಿ ತಾರಸಿಯ ಮೇಲೆ ಒಣಗಿದ ಬಟ್ಟೆ ನೋಡಿಯೇ ಯಾರ ಮನೆಗೆ ಯಾರು ಬಂದಿದ್ದಾರೆ, ಯಾವಾಗ ತೊಲಗುತ್ತಾರೆ ಎಂದು ಹೇಳಬಲ್ಲ ಜನ ಇದ್ದರು. ಬಾಯಿ ತೆರೆದ ಸೂಟ್‌ಕೇಸು ಸಿಕ್ಕರೆ ಬಿಡುತ್ತಾರೆಯೇ?

ಲಿಫ್ಟಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಈಗ ಅದು ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿದಿತ್ತು. ಲಿಫ್ಟ್ ರಿಪೇರಿ ಕಂಪನಿಗೆ ಮೆಕ್ಯಾನಿಕ್ ಆಗಿ ಸೇರಿದಂದಿನಿಂದ ಅವನು ಎಲ್ಲರಿಗೂ ಲಿಫ್ಟಣ್ಣ. ಹಗಲೆಲ್ಲ ಊರಿನವರ ಲಿಫ್ಟುಗಳ ಚಾಕರಿ. ಸಂಜೆ ಮನೆಗೆ ಬಂದರೆ ತನ್ನ ಕಟ್ಟಡದ ಮುದಿ ಲಿಫ್ಟಿನ ಚಾಕರಿ. ಕಬ್ಬಿಣದ ಜಾಲರಿ ಬಾಗಿಲಿನ ಆ ಲಿಫ್ಟು ನಿಂತಿತೋ, ಯಾರಾದರೊಬ್ಬರು ಜಾಲರಿಗೆ ಬಾಯಿ ಹಚ್ಚಿ "ಲಿಫ್ಟಣ್ಣಾ" ಎಂದು ಕೂಗುತ್ತಿದ್ದರು. ಲಿಫ್ಟು ಓಡಾಡುವ ಜಾಗ ಕೆಳಗಿನಿಂದ ತಾರಸಿವರೆಗೆ ಬಾವಿಯ ಹಾಗೆ ಟೊಳ್ಳು. ಕೆಳಗೆ ಗೇಟಿನ ಹತ್ತಿರ ಪಿಸುಗುಟ್ಟಿದರೂ ನಾಲ್ಕನೇ ಮಹಡಿಯ ಅವನ ಅಡುಗೆಕೋಣೆಯಲ್ಲಿ ಸೊಗಸಾಗಿ ಕೇಳಿಸುತ್ತಿತ್ತು. ಊಟಕ್ಕೆ ಕೂತಿರಲಿ, ತಲೆಗೆ ಸೋಪು ಹಚ್ಚಿಕೊಂಡಿರಲಿ, ಕೂಗು ಬಂದರೆ ಅವನು ಸ್ಕ್ರೂಡ್ರೈವರ್ ಹಿಡಿದು ಎದ್ದೇ ಏಳಬೇಕು. ಜನರನ್ನು ಮೇಲಕ್ಕೆ ಕೆಳಕ್ಕೆ ಕಳಿಸಿದ್ದೇ ಬಂತು, ತಾನು ಮಾತ್ರ ಎಲ್ಲಿಗೂ ಹೋಗಲಿಲ್ಲ ಎಂಬ ಬೇಸರ ಅವನನ್ನು ಗೆದ್ದಲಿನ ಹಾಗೆ ತಿನ್ನುತ್ತಿತ್ತು.

ಅದಕ್ಕೇ ಈ ಯೋಜನೆ. ಗಡಿಯಾಚೆ ಒಂದಕ್ಕೊಂದು ಅಂಟಿಕೊಂಡ ಮೂರು ದೇಶಗಳು. ಬಸ್ಸಿನಲ್ಲಿ ಗಡಿ ದಾಟುವುದು, ಕಡಲ ದಂಡೆಯ ಗುಂಟ ಹೋಗುವ ರೈಲು ಹಿಡಿಯುವುದು, ಆಮೇಲೆ ದೋಣಿ, ಕೊನೆಗೆ ತೆಂಗಿನ ಮರಗಳ ಒಂದು ಪುಟ್ಟ ದ್ವೀಪ. ಆ ದ್ವೀಪದಲ್ಲಿ ಮಹಡಿ ಇರುವ ಕಟ್ಟಡವೇ ಇಲ್ಲ ಎಂದು ಎಲ್ಲೋ ಓದಿದ ದಿನವೇ ಲಿಫ್ಟಣ್ಣ ನಿರ್ಧಾರ ಮಾಡಿಬಿಟ್ಟಿದ್ದ. ಒಂದು ತಿಂಗಳು, ಒಬ್ಬನೇ. ಯಾರೂ ಹೆಸರು ಹಿಡಿದು ಕೂಗಬಾರದು, ಅಷ್ಟೇ.

ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಅವನು ಹೇಳಿರಲಿಲ್ಲ. ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಅವಳು ಅತ್ತು ಕರೆದು ರಂಪ ಮಾಡುತ್ತಾಳೆಂದು ಹೆದರಿದ್ದ. ಅವಳು "ಹೋಗಿ ಬನ್ನಿ" ಅಂದಳು. ಅಷ್ಟೇ ಅಲ್ಲ, ದಿನಾ ಊಟವಾದ ಮೇಲೆ ನಕ್ಷೆ ಹರಡಿ, ದೋಣಿ ಎಲ್ಲಿ ಸಿಗುತ್ತೆ, ವಸತಿ ಎಂಥದ್ದು, ಸೀಟು ಕಿಟಕಿ ಪಕ್ಕದ್ದೇ ತಾನೇ ಎಂದು ಕೆದಕಿ ಕೆದಕಿ ಕೇಳುತ್ತಿದ್ದಳು. ತನ್ನ ಮೇಲೆ ಇವಳಿಗೆಷ್ಟು ಕಾಳಜಿ ಎಂದು ಲಿಫ್ಟಣ್ಣನ ಕಣ್ಣು ತುಂಬಿ ಬಂದಿತ್ತು. ಪಾಸ್‌ಪೋರ್ಟಿನ ತಾಪತ್ರಯವೂ ಇರಲಿಲ್ಲ. ಹೊರದೇಶದಲ್ಲಿದ್ದ ಅವಳ ಅಕ್ಕನನ್ನು ನೋಡಿ ಬರೋಣ ಎಂದು ಹಿಂದೊಮ್ಮೆ ಇಬ್ಬರೂ ಮಾಡಿಸಿಕೊಂಡಿದ್ದರು. ಇವರು ಹೊರಡುವಷ್ಟರಲ್ಲಿ ಅಕ್ಕನೇ ವಾಪಸ್ಸು ಬಂದು, ಎರಡೂ ಬೀರುವಿನಲ್ಲಿ ಹೊಸದಾಗಿಯೇ ಉಳಿದಿದ್ದವು.

ಹೊರಡುವುದು ಇವತ್ತೇ. ರಾತ್ರಿ ಎಂಟಕ್ಕೆ ಬಸ್ಸು. ಸಂಜೆ ಆರರೊಳಗೆ ಬಂದು ಟಿಕೆಟ್ ತೆಗೆದುಕೊಳ್ಳದಿದ್ದರೆ ಸೀಟು ಬೇರೆಯವರಿಗೆ ಎಂದು ಟ್ರಾವೆಲ್ಸಿನವನು ಹೇಳಿದ್ದ. ಬಾಕಿ ಇದ್ದದ್ದು ಮ್ಯಾನೇಜರರ ಒಂದು ಸಹಿ. ರಜೆ ಕೇಳಿದಾಗಿನಿಂದ ಅವರು ಇವತ್ತು ನಾಳೆ ಎಂದು ಎಳೆದಾಡಿ, ಕೊನೆಗೆ ಇವತ್ತು ಖಂಡಿತ ಹೇಳುತ್ತೇನೆ ಅಂದಿದ್ದರು.

ಕೆಲಸಕ್ಕೆ ಹೊರಟ ಲಿಫ್ಟಣ್ಣ ಕೆಳಗಿಳಿದು ಜಾಲರಿ ಎಳೆಯುತ್ತಿದ್ದಾಗ ಮೂರನೇ ಮಹಡಿಯ ಟೈಲರಕ್ಕ ಅಡ್ಡ ಬಂದಳು. ಊರಿನ ಅರ್ಧ ಜನರ ಸೊಂಟದ ಅಳತೆ, ಪೂರ್ತಿ ಜನರ ಸಂಸಾರದ ಅಳತೆ ಬಲ್ಲವಳು. ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದಳಂತೆ. ಎಲ್ಲಿಗೆ ಪ್ರಯಾಣ ಎಂದು ಕೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಲಿಫ್ಟಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

"ಅತ್ತಿಗೆನೂ ಬರ್ತಾರಾ ಅಣ್ಣ?"

"ಇಲ್ಲಮ್ಮ, ನಾನೊಬ್ಬನೇ."

ಟೈಲರಕ್ಕನ ಮುಖ ಕತ್ತರಿ ಕಳೆದುಕೊಂಡವಳ ಹಾಗಾಯಿತು. ಅಷ್ಟರಲ್ಲಿ ಪೇಪರ್ ತರಲು ಹೊರಟಿದ್ದ ಎರಡನೇ ಮಹಡಿಯ ಮೇಷ್ಟ್ರೂ ಬಂದು ಸೇರಿಕೊಂಡರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಎದುರಿಗೆ ನಿಂತವರನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದಂತೆಯೇ ಮಾತಾಡುವ ಮನುಷ್ಯ. ಇಲ್ಲೇ ಬೇಕಾದಷ್ಟು ಬೆವರುತ್ತೀಯಲ್ಲ, ದುಡ್ಡು ಕೊಟ್ಟು ಅಲ್ಲಿಗೆ ಹೋಗಿ ಬೇರೆ ಬೆವರಬೇಕಾ ಎಂದು ಶುರುಮಾಡಿದರು.

"ಒಬ್ಬನೇ ಹೋಗಿ ಏನು ಮಾಡ್ತೀಯಪ್ಪಾ?"

"ಸುಮ್ಮನೆ ಇರ್ತೀನಿ ಮೇಷ್ಟ್ರೇ."

"ಸುಮ್ಮನೆ ಇರೋಕೆ ಅಷ್ಟು ದೂರ ಯಾಕೆ? ನಮ್ಮನೆಗೆ ಬಾ. ನಾನು ಮಾತಾಡ್ತೀನಿ, ನೀನು ಸುಮ್ಮನೆ ಇರು."

ಗಂಡಹೆಂಡಿರ ಜಗಳವಾ, ಸಾಲಗಾರರ ಕಾಟವಾ ಎಂದು ಮೇಷ್ಟ್ರು ಕೇಳಿದರು. ಇದ್ದರೂ ಇರಬಹುದು, ಪಾಪ ಅತ್ತಿಗೆ ಎಂದು ಟೈಲರಕ್ಕ ನಿಟ್ಟುಸಿರು ಬಿಟ್ಟಳು. ಲಿಫ್ಟಣ್ಣನಿಗೆ ಹೊತ್ತಾಗುತ್ತಿತ್ತು, ಸಾಕು ಸಾಕಾಗಿತ್ತು. ಈ ಇಬ್ಬರ ಬಾಯಿ ಮುಚ್ಚಿಸಲು ತೋಚಿದ್ದನ್ನು ಹೇಳಿಬಿಟ್ಟ.

"ಡಾಕ್ಟರು ಹೇಳಿದ್ದಾರೆ. ಒಂದು ತಿಂಗಳು ಪೂರ್ತಿ ವಿಶ್ರಾಂತಿ ಬೇಕಂತೆ."

"ಯಾವ ಡಾಕ್ಟರು?"

"ದೊಡ್ಡ ಡಾಕ್ಟರು."

ಇಬ್ಬರ ಬಾಯೂ ಮುಚ್ಚಿತು. ಬದುಕಿದೆಯಾ ಬಡಜೀವವೇ ಎಂದು ಅವನು ಹೊರಟ. ಎಲ್ಲಿ ನಿಂತು ಆ ಮಾತು ಹೇಳಿದೆ ಎಂಬುದು ಬಸ್‌ಸ್ಟಾಪಿನಲ್ಲಿ ಹೊಳೆಯಿತು. ಲಿಫ್ಟಿನ ಗೇಟಿನಲ್ಲಿ. ಬೇರೆ ಯಾರಿಗಾದರೂ ಮರೆತುಹೋಗಬಹುದು, ಆ ಬಾವಿಯ ಗುಣ ಅವನಿಗಲ್ಲದೆ ಇನ್ಯಾರಿಗೆ ಗೊತ್ತಿತ್ತು ಹೇಳಿ.

ಕಂಪನಿಗೆ ಹೋದರೆ ಮ್ಯಾನೇಜರರು ಎದ್ದು ನಿಂತರು. ಇಷ್ಟು ವರ್ಷದಲ್ಲಿ ಅವರು ಇವನಿಗೆ ಕುರ್ಚಿ ಕೊಟ್ಟಿದ್ದು ಅದೇ ಮೊದಲು. ಅವರು ಮೇಷ್ಟ್ರ ಕೈಯಲ್ಲಿ ಪೆಟ್ಟು ತಿಂದು ಮುಂದೆ ಬಂದ ಹಳೇ ಶಿಷ್ಯ. ಗುರುಗಳ ಫೋನು ಆಗಲೇ ಬಂದಿತ್ತು. ಮೂರನೇ ಮಹಡಿಯಲ್ಲಿ ವಿಶ್ರಾಂತಿ ಎಂದು ಕೇಳಿಸಿದ್ದು, ನಾಲ್ಕನೇ ಮಹಡಿಗೆ ಹೋಗುವಷ್ಟರಲ್ಲಿ ಹೃದಯ ಎಂದಾಗಿ, ಫೋನಿಗೆ ಬರುವಷ್ಟರಲ್ಲಿ ಹೆಚ್ಚು ದಿನ ಇಲ್ಲವಂತೆ ಎಂದಾಗಿತ್ತು.

"ಇಷ್ಟು ದಿನ ಯಾಕೆ ಮುಚ್ಚಿಟ್ರಿ? ನಾನು ಸುಮ್ಮನೆ ತಿರುಗಾಟಕ್ಕೆ ರಜೆ ಕೇಳ್ತಿದ್ದೀರಿ ಅಂದ್ಕೊಂಡಿದ್ದೆ," ಎಂದು ಮ್ಯಾನೇಜರರು ಗದ್ಗದಿತರಾಗಿ ಸಹಿ ಹಾಕಿದರು. ಒಂದು ತಿಂಗಳು, ಸಂಬಳ ಸಮೇತ. ಲಿಫ್ಟಣ್ಣನ ಎದೆ ಹಗುರಾಯಿತು. ಆಮೇಲೆ ಕಾಗದ ಓದಿದ. ಅನಾರೋಗ್ಯದ ಕಾರಣ ಮನೆಯಲ್ಲೇ ಹಾಸಿಗೆ ಹಿಡಿದು ವಿಶ್ರಾಂತಿ ಎಂದಿತ್ತು. ಸ್ವಲ್ಪ ಗಾಳಿ ಬದಲಾವಣೆಗೆ ಎಲ್ಲಾದರೂ ಹೋಗಿ ಬರಬಹುದೇ ಎಂದು ಮೆಲ್ಲಗೆ ಕೇಳಿ ನೋಡಿದ. ಮ್ಯಾನೇಜರರು ಹೌಹಾರಿದರು. ದಾರಿಯಲ್ಲಿ ಹೆಚ್ಚು ಕಡಿಮೆಯಾದರೆ ಕಂಪನಿ ಜವಾಬ್ದಾರಿ. ಬೇಡವೇ ಬೇಡ, ವಾರಕ್ಕೊಮ್ಮೆ ತಾವೇ ಮನೆಗೆ ಬಂದು ನೋಡಿಕೊಂಡು ಹೋಗುತ್ತೇನೆ ಅಂದರು.

ಕಾಯಿಲೆ ಇಲ್ಲ ಅಂದರೆ ರಜೆ ಹೋಯಿತು, ಸುಳ್ಳು ಹೇಳಿದ್ದಕ್ಕೆ ಕೆಲಸವೂ ಹೋದೀತು. ಇದೆ ಅಂದರೆ ದ್ವೀಪ ಹೋಯಿತು. ಇದ್ದ ಒಂದೇ ದಾರಿ ಎಂದರೆ ಬಾಯಿ ಮುಚ್ಚಿಕೊಂಡು ಆರರೊಳಗೆ ಟ್ರಾವೆಲ್ಸಿಗೆ ಓಡಿ, ಎಂಟರ ಬಸ್ಸು ಹತ್ತಿಬಿಡುವುದು. ಬಂದ ಮೇಲೆ ಕಾಲಿಗೆ ಬಿದ್ದರಾಯಿತು. ಆದರೆ ಓಡುವುದು ಹೇಗೆ? ಸಹೋದ್ಯೋಗಿಗಳು ಅವನ ಉಪಕರಣದ ಚೀಲ ಕಿತ್ತುಕೊಂಡರು. ಸಂಜೆವರೆಗೆ ಒಂದು ಮೆಟ್ಟಿಲೂ ಹತ್ತಲು ಬಿಡದೆ, ಫ್ಯಾನಿನ ಕೆಳಗೆ ಕೂರಿಸಿ, ತಮ್ಮ ತಮ್ಮ ಸೋದರಮಾವಂದಿರು ಹೃದಯಾಘಾತದಲ್ಲಿ ಹೋದ ಕತೆಗಳನ್ನು ಹೇಳಿ ಧೈರ್ಯ ತುಂಬಿದರು. ಕೊನೆಗೆ ಮ್ಯಾನೇಜರರು ಕಂಪನಿಯ ವ್ಯಾನಿನಲ್ಲಿ ತಾವೇ ಮನೆಗೆ ಕರೆತಂದರು.

ಕಟ್ಟಡದ ಬಾಗಿಲಲ್ಲಿ ಜನ ನೆರೆದಿದ್ದರು. ಕೆಳಮನೆಯವರು ದಿಂಬು ಕೊಟ್ಟರಂತೆ, ಇನ್ಯಾರೋ ಗಂಜಿ ಮಾಡಿಟ್ಟರಂತೆ. ಎಲ್ಲರೂ ಎಲ್ಲವನ್ನೂ ಹೊತ್ತು ನಾಲ್ಕನೇ ಮಹಡಿಗೆ ಓಡಾಡಿದ ರಭಸಕ್ಕೆ ಲಿಫ್ಟು ಮೂರು ಮತ್ತು ನಾಲ್ಕರ ನಡುವೆ ಕೆಟ್ಟು ನಿಂತಿತ್ತು. ರೋಗಿ ಮೆಟ್ಟಿಲು ಹತ್ತುವಂತಿಲ್ಲವಲ್ಲ, ಕುರ್ಚಿಯಲ್ಲಿ ಕೂರಿಸಿ ಹೊತ್ತರು. ಮೇಷ್ಟ್ರು ಮುಂದೆ ನಿಂತು ಎಡ, ಬಲ ಎಂದು ಹೇಳುತ್ತಿದ್ದರು. ಹೊತ್ತವರಿಗೆ ಎರಡನೇ ಮಹಡಿಯಲ್ಲಿ ಏದುಸಿರು ಬಂತು. ಕುರ್ಚಿ ಓಲಾಡಿದಾಗಲೆಲ್ಲ ಲಿಫ್ಟಣ್ಣ ಕೈಗಡಿಯಾರ ನೋಡುತ್ತಿದ್ದ. ಆರಾಗುತ್ತಾ ಬಂದಿತ್ತು.

ತಾಳಲಾರದೆ ಮೇಷ್ಟ್ರ ಕಿವಿಯಲ್ಲಿ ನಿಜ ಹೇಳಿಬಿಟ್ಟ. ಕಾಯಿಲೆ ಇಲ್ಲ, ಡಾಕ್ಟರೂ ಇಲ್ಲ, ಹೇಳಿದ್ದೆಲ್ಲ ಸುಳ್ಳು ಎಂದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡ್ರಪ್ಪಾ, ಈ ಸ್ಥಿತೀಲೂ ನಮಗೆ ಸಮಾಧಾನ ಹೇಳ್ತಾನೆ."

ಮನೆ ಮುಟ್ಟಿದಾಗ ಹೆಂಡತಿ ಇರಲಿಲ್ಲ. ಔಷಧಿ ತರಲು ಹೋಗಿರಬೇಕು ಎಂದು ಟೈಲರಕ್ಕ ಅಂದಳು. ಅವನನ್ನು ಮಂಚದ ಮೇಲೆ ಮಲಗಿಸಿ, ಯಾರು ಯಾವ ಹೊತ್ತು ಪಕ್ಕದಲ್ಲಿ ಕೂರಬೇಕೆಂದು ಮೇಷ್ಟ್ರು ಪಾಳಿ ಹಂಚಿದರು. ಬೆಳಗಿನದು ತಮ್ಮದು, ಮಧ್ಯಾಹ್ನದ್ದು ಟೈಲರಕ್ಕನದು, ಹೊಲಿಗೆ ಯಂತ್ರವನ್ನೂ ಇಲ್ಲಿಗೇ ತರುತ್ತಾಳೆ. ಗಡಿಯಾರ ಆರು ಹೊಡೆಯಿತು. ದ್ವೀಪ ಮುಳುಗಿತು. ಲಿಫ್ಟಣ್ಣ ಗೋಡೆ ಕಡೆ ತಿರುಗಿ ಮಲಗಿದ. ಅವನಿಗೆ ನಿಜವಾಗಿಯೂ ಎದೆ ಭಾರವಾಗಿತ್ತು.

ಅದೂ ಎಷ್ಟು ಹೊತ್ತು? ಮ್ಯಾನೇಜರರು ಕೆಳಗಿಳಿಯಬೇಕಿತ್ತು, ಮೆಟ್ಟಿಲು ಹತ್ತಿ ಬಂದದ್ದಕ್ಕೇ ಅವರಿಗೆ ಮಂಡಿನೋವು. ಲಿಫ್ಟು ಕೆಟ್ಟಿದೆ. ನೀನು ಮುಟ್ಟಬೇಡ, ಕೂತಲ್ಲಿಂದಲೇ ಹೇಳು ಎಂದು ರೋಗಿಯನ್ನು ಎಬ್ಬಿಸಿ ಜಾಲರಿಯ ಮುಂದೆ ಕೂರಿಸಿದರು. ಯಾರ ಕೈಯಲ್ಲೂ ಆಗದೆ ಕೊನೆಗೆ ಸ್ಕ್ರೂಡ್ರೈವರ್ ಅವನ ಕೈಗೇ ಬಂತು. ಲಿಫ್ಟು ನರಳುತ್ತಾ ಮೇಲೆ ಬಂದು ನಿಂತಾಗ, ಮೆಟ್ಟಿಲ ಕಡೆಯಿಂದ ಹೆಂಡತಿ ಬಂದಳು. ಹೊರಗೆ ಹೋಗುವ ಬಟ್ಟೆ ಉಟ್ಟಿದ್ದಳು. ಇವರನ್ನು ಒಳಗೆ ಮಲಗಿಸಬೇಕು, ಸ್ವಲ್ಪ ಜಾಗ ಬಿಡಿ ಎಂದು ಎಲ್ಲರನ್ನೂ ಹೊರಗೆ ನಿಲ್ಲಿಸಿ, ಗಂಡನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು.

"ನಿಂಗೆ ಗೊತ್ತಲ್ಲ ಕಣೇ, ನಾನು ಗುಂಡುಕಲ್ಲಿನ ಹಾಗಿದ್ದೀನಿ," ಎಂದ ಲಿಫ್ಟಣ್ಣ ಮಂಚಕ್ಕೆ ಒರಗುತ್ತಾ.

"ಗೊತ್ತು. ನೀವು ಕೆಳಗೆ ಹೇಳಿದ್ದೂ, ಮೇಷ್ಟ್ರು ನಿಮ್ಮ ಮ್ಯಾನೇಜರಿಗೆ ಫೋನ್ ಮಾಡಿದ್ದೂ ಅಡುಗೆಕೋಣೇಲಿ ಕೇಳಿಸ್ತು. ಆರಾಗೋದ್ರೊಳಗೆ ಓಡಿ ಟ್ರಾವೆಲ್ಸು ಮುಟ್ಟಿದೆ."

ಲಿಫ್ಟಣ್ಣ ಎದ್ದು ಕೂತ. ಹೆಂಡತಿ ಅಂದರೆ ಹೀಗಿರಬೇಕು ಅನ್ನಿಸಿತು. "ನನ್ನ ಸೀಟು ಉಳಿಸಿದ್ಯಾ?"

"ಉಳಿಸಿದೆ. ನನ್ನ ಹೆಸರಿಗೆ."

ಅವಳು ಬೀರು ತೆಗೆದು ತನ್ನ ಪಾಸ್‌ಪೋರ್ಟು ಎತ್ತಿಕೊಂಡಳು. ತಾರಸಿಯಿಂದ ಯಾವಾಗಲೋ ಇಳಿದು ಬಂದಿದ್ದ ಸೂಟ್‌ಕೇಸು ಬೀರುವಿನ ಪಕ್ಕದಲ್ಲಿ ತುಂಬಿ ನಿಂತಿತ್ತು.

"ನೀವು ಈಗ ಹೋಗೋ ಹಾಗಿಲ್ಲ, ಕೆಲಸ ಹೋಗತ್ತೆ. ನಮ್ಮ ಶಾಲೆಗೆ ಹೇಗೂ ರಜೆ. ಆ ಕೂಗು ಬಂದಾಗಲೆಲ್ಲ ನೀವು ಎದ್ದು ಹೋಗ್ತಿದ್ರಿ. ತಟ್ಟೆ ಮುಚ್ಚಿಟ್ಟು, ಮತ್ತೆ ಬಿಸಿ ಮಾಡಿ, ಕಾದು ಕೂತವಳು ನಾನು. ನಂಗೂ ಸಾಕಾಗಿದೆ ಕಣ್ರೀ. ನೀವು ಒಬ್ಬರೇ ಹೋಗ್ತೀನಿ ಅಂದಾಗ ನಂಗೆ ಸಿಟ್ಟು ಬರಲಿಲ್ಲ. ಹೊಟ್ಟೆಕಿಚ್ಚು ಬಂತು."

ಅವನು ಅವಳನ್ನು ನೋಡಿದ. ಇವಳು ಇಷ್ಟು ದಣಿದಿದ್ದಾಳೆಂದು ತನಗೆ ಯಾವತ್ತೂ ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆದರೂ ಕೊನೆಯ ಅಸ್ತ್ರವೊಂದು ಉಳಿದಿತ್ತು. ಸಾಯೋ ಗಂಡನನ್ನು ಬಿಟ್ಟು ಹೊರಟರೆ ಜನ ಏನಂದಾರು ಎಂದು ಕೇಳಿದ.

ಅವಳು ಸೂಟ್‌ಕೇಸು ಎಳೆದುಕೊಂಡು ಹೊರಗೆ ಹೋದಳು. ಲಿಫ್ಟಿನ ಜಾಲರಿಯ ಹತ್ತಿರ ನಿಂತು, ಕೆಳಗಿನಿಂದ ಮೇಲಿನವರೆಗೆ ಕೇಳಿಸುವ ಹಾಗೆ, ಬಾವಿಯೊಳಕ್ಕೇ ಹೇಳಿದಳು.

"ಡಾಕ್ಟರು ಹೇಳಿದ್ದಾರೆ. ಒಂದು ತಿಂಗಳು ಹೆಂಡತಿ ಮುಖ ನೋಡಬಾರದಂತೆ. ನೋಡಿದ್ರೆ ಇವರಿಗೆ ಬಿಪಿ ಏರತ್ತಂತೆ."

"ಯಾವ ಡಾಕ್ಟರು?" ಎಂದು ಮೇಷ್ಟ್ರು ಕೇಳಿದರು.

"ಅದೇ, ಇವರ ದೊಡ್ಡ ಡಾಕ್ಟರು. ಬೇಕಾದ್ರೆ ಇವರನ್ನೇ ಕೇಳಿ."

ಎಲ್ಲರೂ ಲಿಫ್ಟಣ್ಣನ ಕಡೆ ತಿರುಗಿದರು, ಮ್ಯಾನೇಜರರು ಮೊದಲಾಗಿ. ರಜೆಯ ಕಾಗದ ಅವರ ಕೈಯಲ್ಲೇ ಇತ್ತು. ಲಿಫ್ಟಣ್ಣ ಹೂಂ ಅಂದ. ಇಂಥದ್ದೊಂದು ಕೇಸು ತಾವೂ ಕೇಳಿದ್ದುಂಟು ಎಂದು ಮೇಷ್ಟ್ರು ತಲೆಯಾಡಿಸಿದರು. ಗಂಡನ ಜೀವಕ್ಕಾಗಿ ಮನೆಯನ್ನೇ ಬಿಟ್ಟು ಹೊರಟಳಲ್ಲ ಎಂದು ಟೈಲರಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

ಲಿಫ್ಟಣ್ಣ ಸೂಟ್‌ಕೇಸನ್ನು ಒಳಗಿಟ್ಟು, ಜಾಲರಿ ಎಳೆದು, ತನ್ನ ಕೈಯಾರೆ ಗುಂಡಿ ಒತ್ತಿಕೊಟ್ಟ. "ದ್ವೀಪಕ್ಕೆ ಹೋದಾಗ ಕಾಗದ ಹಾಕು," ಎಂದ ಮೆಲ್ಲಗೆ. ಅವಳು ನಕ್ಕಳು. ಆ ದರಿದ್ರ ಲಿಫ್ಟು ಅವತ್ತು ಎಲ್ಲೂ ನಿಲ್ಲದೆ, ಒಂದು ಸಲವೂ ಕುಲುಕದೆ, ಹೂವಿನ ಹಾಗೆ ಕೆಳಗಿಳಿಯಿತು.

ಅವನು ಬಂದು ಮಂಚದ ಮೇಲೆ ಬಿದ್ದುಕೊಂಡ. ಟೈಲರಕ್ಕ ಸ್ಟೂಲು ಎಳೆದು ತಲೆಯ ಹತ್ತಿರ ಕೂತಳು, ಮೇಷ್ಟ್ರು ಕಾಲಿನ ಹತ್ತಿರ.

"ನೀವೇನೂ ಯೋಚನೆ ಮಾಡ್ಬೇಡಿ ಅಣ್ಣ," ಎಂದಳು ಟೈಲರಕ್ಕ. "ಈ ಒಂದು ತಿಂಗಳು ನಿಮ್ಮನ್ನ ಒಂದು ಗಳಿಗೇನೂ ಒಬ್ಬರೇ ಇರೋಕೆ ಬಿಡಲ್ಲ."

ಮತ್ತೆ ಮೇಲೆ ಬಂದು ಮ್ಯಾನೇಜರರನ್ನು ಹೊತ್ತು ಇಳಿಯುತ್ತಿದ್ದ ಲಿಫ್ಟು ಎರಡನೇ ಮಹಡಿಯಲ್ಲಿ ಕೆಟ್ಟು ನಿಂತಿತು.

"ಲಿಫ್ಟಣ್ಣಾ," ಎಂದು ಬಾವಿಯೊಳಗಿಂದ ಕೂಗು ಬಂತು.