ಮಮ್ಮಿಯ ಮೂಗನ್ನು ನೆಟ್ಟಗೆ ಮಾಡಿದ ಮಹಾಸಮರ

ಸಕಲಪಾಲಕಕುಲನಿದ್ರಾಪಹಾರಿಣಿಯೂ, ಅಂಗೈಯಲ್ಲೇ ನೆಲೆಸಿ ಹೊತ್ತಲ್ಲದ ಹೊತ್ತಿನಲ್ಲಿ ಟಿಂಗೆನ್ನುವವಳೂ ಆದ ಹೇ ವಾಟ್ಸಾಪ್ ದೇವತೆಯೇ, ನಮಸ್ಕಾರ! ಮಕ್ಕಳ ಪಾಠವನ್ನು ಹೆತ್ತವರು ಓದುವ, ಮಕ್ಕಳ ಚಿತ್ರಕ್ಕೆ ಹೆತ್ತವರು ಚಪ್ಪಾಳೆ ಗಿಟ್ಟಿಸುವ ಈ ಪ್ರಾಜೆಕ್ಟ್ ಯುಗದಲ್ಲಿ, ಹುಬ್ಬಳ್ಳಿಯ ಗುರುಸಿದ್ದಪ್ಪನೆಂಬ ಮಹಾರಥಿಯು ರಬ್ಬರನ್ನೆತ್ತಿ ಗೈದ ಘೋರಕದನವನ್ನು ಹಾಡಲು ನನಗೆ ಬಲವನ್ನು ಕೊಡು; ಆಮೇಲೆ ಸ್ವಲ್ಪ ಮಲಗಲೂ ಬಿಡು.

ಶಾಲೆಯಿಂದ ಶಾಸನ ಹೊರಟಿತ್ತು: ಮೂರನೆಯ ತರಗತಿಯ ಮಕ್ಕಳು ಪಿಕಾಸೊ ಶೈಲಿಯಲ್ಲಿ ತಾಯಿಯ ಮುಖ ಬಿಡಿಸತಕ್ಕದ್ದು, ಮಕ್ಕಳೇ ಬಿಡಿಸತಕ್ಕದ್ದು, ಶನಿವಾರ ಪ್ರದರ್ಶನ. ಗುರುಸಿದ್ದಪ್ಪನ ಮಗಳು, ಕ್ರೆಯಾನ್‌ಲಿಪ್ತಕರಾಂಗುಲಿ ಪ್ರಣತಿ, ಒಮ್ಮೆಯಾದರೂ ಅಪ್ಪನದಲ್ಲದ, ತಾನೇ ತೆಗೆದ ಚಿತ್ರ ಗೋಡೆಗೇರಲೆಂದು ಪಣ ತೊಟ್ಟು, ಸಂಜೆಯೆಲ್ಲ ನೆಲಕ್ಕೆ ಮೂಗು ತಾಗುವಂತೆ ಬಾಗಿ, ಎರಡೂ ಕಣ್ಣುಗಳು ಒಂದೇ ಕೆನ್ನೆಯಲ್ಲಿರುವ ಹಸಿರು ಮುಖವೊಂದನ್ನು ಸೃಷ್ಟಿಸಿದಳು.

ರೊಟ್ಟಿ ಬಡಿಯುತ್ತಿದ್ದ ತಾಯಿ ಶಾಂಭವಿ, ಹಿಟ್ಟಿನ ಕೈಯಲ್ಲೇ ಬಂದು ನೋಡಿ ಸಿಡಿಲಾದಳು.

“ಅಯ್ಯ, ಇದೇನವಾ ಅವತಾರ! ಮೂಗು ಕಿವಿ ಕಡೆ ಹೊಂಟೈತಿ!”

“ಒಂದ್ ಕಣ್ಣು ಹಂಚಿನ ಮ್ಯಾಲ, ಇನ್ನೊಂದು ನನ್ನ ಹೋಮ್‌ವರ್ಕ್ ಮ್ಯಾಲ. ನೀ ಹಂಗ ಇರ್ತಿ ಅಲ್ಲ ಮಮ್ಮಿ?”

“ನಿನ್ನ ಕ್ಲಾಸಿನ ಸಮರ್ಥನ ಮಮ್ಮಿ ಬಂದು ನೋಡಿದ್ರ ಏನಂದಾಳು? ರೀ, ಬರ್ರಿ ಇಲ್ಲೆ!”

ಸೋಫಾಶಯನನೂ ರಿಮೋಟ್‌ಪಾಣಿಯೂ ಆದ ಗುರುಸಿದ್ದಪ್ಪನು ಧಿಗ್ಗನೆದ್ದು ಗರ್ಜಿಸಿದನು: “ಹತ್ತನೇ ಕ್ಲಾಸಿನ್ಯಾಗ ಇದ್ದಾಗ ಡ್ರಾಯಿಂಗ್‌ನಾಗ ತಾಲೂಕಿಗೇ ಫಸ್ಟ್ ಬಂದಾವ ನಾನು! ಈ ಮೂಗು ನೆಟ್ಟಗ ಆಗೂತನಕ ಊಟಾ ಮುಟ್ಟೂದಿಲ್ಲ!”

“ರೊಟ್ಟಿ ಇನ್ನೂ ಬಡಿಯೂದೈತಿ. ಸಾವಕಾಶ ಮುಟ್ರಿ,” ಎಂದಳು ಶಾಂಭವಿ.

“ಪಪ್ಪಾ, ಮಕ್ಕಳ ಮಾಡಬೇಕಂತ! ಪಿಕಾಸೊ ಹಿಂಗ ತಗೀತಿದ್ದ!”

“ಅವ ಅವರ ಮನ್ಯಾಗ ತಗೀಲಿ.”

ಪ್ರಣತಿ ಕ್ರೆಯಾನ್ ಡಬ್ಬಿಯ ಮೇಲೆ ಕುಳಿತು ಕೋಟೆ ಕಟ್ಟಿದಳು. ಆದರೆ ಚಾಕೊಲೇಟಿನ ಸಂಧಿಗೆ ಆ ಕೋಟೆ ಬಿತ್ತು. ಬಳಿಕ ವೀರಾಗ್ರಣಿ ಗುರುಸಿದ್ದಪ್ಪನು ಹಸಿರು ಮುಖವನ್ನು ಉಜ್ಜಿದ ರಭಸಕ್ಕೆ ಹಾಳೆಯೇ ಹರಿಯಿತು. ಹೊಸ ಹಾಳೆ ಬಂತು, ಸ್ಕೇಲು ಬಂತು, ಮುಖದ ನಟ್ಟನಡುವೆ ಧ್ವಜಸ್ತಂಭದಂತೆ ಮೂಗು ನಿಂತಿತು. ಬೆನ್ನ ಹಿಂದಿನಿಂದ ಮಹಾರಾಣಿಯ ಅಪ್ಪಣೆಗಳು ಬಾಣಗಳಂತೆ ಬಂದವು. “ಗದ್ದ ಒಂದ ಇರಲಿ. ಕೊರಳಾಗ ಬಂಗಾರದ ಬೋರಮಾಳ ಹಾಕ್ರಿ. ಬಣ್ಣ ಸ್ವಲ್ಪ ತಿಳೀ ಇರಲಿ, ಫೋಟೋದಾಗ ಕಪ್ಪ ಕಾಣತೈತಿ.” ಹಾಗೆಯೇ ಆಯಿತು. ಪ್ರಣತಿಯ ಪಾಲಿಗೆ ಉಳಿದದ್ದು ಹಾಳೆಯ ಬೆನ್ನಿಗೆ ರೋಲ್ ನಂಬರ್ ಬರೆಯುವ ಕೆಲಸ. ಬರೆದಳು.

ಶನಿವಾರ, ಇಳಕಲ್ ಸೀರೆಯುಟ್ಟ ಶಾಂಭವಿ ಶಾಲೆಯ ಪಡಸಾಲೆಗೆ ದಿಗ್ವಿಜಯಕ್ಕೆ ಬಂದು ಬೆರಗಾದಳು. ಗೋಡೆಯುದ್ದಕ್ಕೂ ತಾಯಂದಿರು! ಎಲ್ಲರೂ ಗುಲಾಬಿ ಬಣ್ಣದವರು, ಎಲ್ಲರೂ ಕಮಲನೇತ್ರೆಯರು, ಎಲ್ಲರಿಗೂ ಸ್ಕೇಲಿಟ್ಟು ಎಳೆದ ಮೂಗು, ಎಲ್ಲರ ಕೊರಳಲ್ಲೂ ಬಂಗಾರ. ಅವರಲ್ಲಿ ಅತಿ ಚೆಲುವೆಯ ಮುಂದೆ ನಿಂತು ಅವಳು ಮೊಬೈಲ್ ಎತ್ತಿದಳು.

“ಅಕ್ಕಾರ, ಅದು ನಾನ್ರೀ,” ಎಂದಳು ಹಿಂದಿನಿಂದ ಸಮರ್ಥನ ಮಮ್ಮಿ.

“ಎಲ್ಲಿ ನೀವ್ರೀ? ಬೋರಮಾಳ ಕಾಣಂಗಿಲ್ಲೇನು?”

“ನನಗೂ ಐತಿ ಬೋರಮಾಳ!”

ರಣೋತ್ಸಾಹ ಮೇರೆ ಮೀರುವಷ್ಟರಲ್ಲಿ ಮಿಸ್ ಬಂದು ಹಾಳೆಯನ್ನು ತಿರುಗಿಸಿ ರೋಲ್ ನಂಬರ್ ನೋಡಿದರು. ಅದು ಇಬ್ಬರೂ ಅಲ್ಲ, ಮೂರನೆಯವಳು.

ಮಿಸ್ ಚಪ್ಪಾಳೆ ತಟ್ಟಿದರು. “ಮಕ್ಕಳೇ, ನಿಮ್ ನಿಮ್ ಮಮ್ಮೀನ ಹಿಡ್ಕೊಂಡು ನಿಂದರ್ರಿ, ಫೋಟೋ ತಗೀಬೇಕು.”

ಮೂರನೆಯ ತರಗತಿಯ ಸಮಸ್ತ ಸೈನ್ಯವು ಗೋಡೆಗೆ ಮುತ್ತಿಗೆ ಹಾಕಿ, ಒಬ್ಬೊಬ್ಬ ತಾಯಿಯ ಮುಖವನ್ನೂ ಗೋಡೆಗೆ ತಿರುವಿ, ಬೆನ್ನನ್ನು ಓದತೊಡಗಿತು. ಕೊನೆಗೆ ಕುಡಿಯುವ ನೀರಿನ ನಲ್ಲಿಯ ಪಕ್ಕದಿಂದ ಪ್ರಣತಿ ಕೂಗಿದಳು:

“ಮಮ್ಮೀ, ಇಲ್ಲೆ ಸಿಕ್ಕಿ ನೋಡು! ನೀ ಇಪ್ಪತ್ಮೂರು!”