ಆತ್ಮಕಥೆಯ ಮೇಲಿನ ಹಿಡಿ, ತಳದ ಹಿಡಿ

ಪುಸ್ತಕ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಲು ಅದನ್ನು ಪೂರ್ತಿ ಓದಬೇಕು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಆದರೆ ಇಪ್ಪತ್ತೆಂಟು ವರ್ಷದಿಂದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದೇನೆ. ಗೂಡಿನ ಮಾರುಕಟ್ಟೆಗೆ ಬಂದು ನೋಡಿ. ರೈತ ತಂದು ಸುರಿದ ರಾಶಿಯಲ್ಲಿ ಯಾರಾದರೂ ಒಂದೊಂದೇ ಗೂಡನ್ನು ಪರೀಕ್ಷೆ ಮಾಡುತ್ತಾರೆಯೇ? ಮೇಲಿನಿಂದ ಒಂದು ಹಿಡಿ, ತಳದಿಂದ ಒಂದು ಹಿಡಿ. ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಇಡೀ ರಾಶಿಯ ಜಾತಕ ಹೇಳಿಬಿಡುತ್ತೇನೆ. ಮಾರುಕಟ್ಟೆಯಲ್ಲಿ ನನ್ನ ಕಿವಿಗೆ ಬಹಳ ಮರ್ಯಾದೆ.

ಮನೆಯಲ್ಲಿ ಇಲ್ಲ.

ನನ್ನ ಮಗಳು ಭಾರ್ಗವಿಗೆ ನಾದಸ್ವರ ಕಲಿಯುವ ಹಠ. ಅದೂ ಚಿಂತಾಮಣಿಯ ವಿದ್ವಾನ್ ಗಂಗಾಧರಪ್ಪನವರ ಹತ್ತಿರವೇ. ಅವರು ವರ್ಷಕ್ಕೆ ಒಬ್ಬರನ್ನೇ ಶಿಷ್ಯರನ್ನಾಗಿ ತೆಗೆದುಕೊಳ್ಳುವವರು. ಆತ್ಮಕಥೆ ಬರೆದ ಮೇಲೆ ಅವರ ಮನೆಯಲ್ಲಿ ಹೊಸ ಕಟ್ಟಳೆಯೊಂದು ಜಾರಿಗೆ ಬಂದಿತ್ತು. ಕಲಿಯಲು ಬರುವವರ ತಂದೆ ಮೊದಲು ಆ ಪುಸ್ತಕ ಓದಿ ಬಂದು ಮಾತಾಡಬೇಕು. ಮನೆಯವರಿಗೆ ಈ ವಿದ್ಯೆಯ ಕಷ್ಟ ಗೊತ್ತಿರಬೇಕು ಎಂಬುದು ಅವರ ವಾದ.

ಲೈಬ್ರರಿಯ ಬೋರ್ಡಿನ ಮೇಲೆ 'ಓದಲೇಬೇಕಾದ ಸಂಗೀತಗಾರರ ಆತ್ಮಕಥೆಗಳು' ಎಂದು ಪಟ್ಟಿ ಹಾಕಿದ್ದರಂತೆ. ಅದರಲ್ಲಿ ಮೊದಲನೆಯದೇ ಇದು. ಭಾರ್ಗವಿ ತಾನು ಎರಡು ಸಲ ಓದಿ, ನನ್ನ ಮುಂದೆ ತಂದಿಟ್ಟಳು. ಮುನ್ನೂರ ಹನ್ನೆರಡು ಪುಟ!

"ಅಪ್ಪಾ, ಪೂರ್ತಿ ಓದ್ತೀಯ ತಾನೇ? ನಂಗೆ ಇದೊಂದೇ ಚಾನ್ಸು."

"ನಂಗೇ ಹೇಳ್ಕೊಡ್ತೀಯೇನಮ್ಮಾ?" ಎಂದೆ.

ನನ್ನ ಹೆಂಡತಿ ಪದ್ಮ ಒಳಗಿನಿಂದಲೇ ಕೂಗಿದಳು. "ರೀ, ಔಷಧಿ ಬಾಟ್ಲಿ ಮೇಲೆ ಬರ್ದಿರೋದನ್ನೂ ನೀವು ಓದಲ್ಲ. ಹೋದ್ಸಲ ಕಿವಿಗೆ ಹಾಕೋದನ್ನ ಕಣ್ಣಿಗೆ ಹಾಕ್ಕೊಂಡ್ರಿ!"

ನಾನು ಕನ್ನಡಕ ಏರಿಸಿದೆ.

ಮೇಲಿನ ಹಿಡಿ, ಅಂದರೆ ಮೊದಲ ಮೂವತ್ತು ಪುಟ, ಅಮೃತ. ಗಂಗಾಧರಪ್ಪನವರಿಗೆ ವೆಂಕಟರಾಮಪ್ಪ ಎಂಬ ಅಣ್ಣ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಗೀತ ಕಚೇರಿಗೆ ಒಯ್ಯುತ್ತಿದ್ದ ಅಣ್ಣ. ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟ ಅಣ್ಣ. ಮೊದಲ ಸ್ವರ ಊದಲು ಕಲಿಸಿದ ಅಣ್ಣ. ತಳದ ಹಿಡಿ, ಅಂದರೆ ಕೊನೆಯ ಪುಟ, ಇನ್ನೂ ಮೇಲು. ಅಣ್ಣನ ಮುಖ ನೋಡಿ ಮೂವತ್ತು ವರ್ಷವಾಯಿತು, ಅವನನ್ನು ನೆನೆಯದ ದಿನವಿಲ್ಲ ಎಂದು ಬರೆದಿದ್ದರು.

ನಾನು ಪುಸ್ತಕ ಮುಚ್ಚಿ, ಕಣ್ಣೊರೆಸಿಕೊಂಡು, ಒಂದು ಮಹಾ ನಿರ್ಧಾರ ಕೈಗೊಂಡೆ. ಆ ಅಣ್ಣನನ್ನು ಹುಡುಕಿ ತಮ್ಮನ ಮುಂದೆ ನಿಲ್ಲಿಸುವುದು! ಇನ್ನೊಬ್ಬ ತಂದೆ ಬರೀ ಓದಿ ಬಂದಾನು. ಅಣ್ಣನನ್ನೇ ತಂದಾನೇ?

"ನಡುವೆ ಏನಿದೆ ಅಂತ ನೋಡಿದ್ರಾ?" ಎಂದಳು ಪದ್ಮ.

"ನಡುವೆ ಬಿರುದು, ಶಾಲು, ಸನ್ಮಾನ ಇರ್ತವೆ ಕಣೇ. ದೊಡ್ಡೋರೆಲ್ಲರ ಜೀವನದಲ್ಲೂ ನಡುವೆ ಅದೇ."

ವೆಂಕಟರಾಮಪ್ಪನವರು ಗೌರಿಬಿದನೂರಿನಲ್ಲಿದ್ದಾರೆ ಎಂದು ಮಾರುಕಟ್ಟೆಯಲ್ಲೇ ತಿಳಿಯಿತು. ವಿದ್ವಾನರು ಬರಹೇಳಿದ ದಿನ ಭಾರ್ಗವಿಯನ್ನು ಬಸ್ಸಿನಲ್ಲಿ ಚಿಂತಾಮಣಿಗೆ ಕಳಿಸಿ, ನಾನು ನೂಲು ಸಾಗಿಸುವ ವ್ಯಾನು ತೆಗೆದೆ. ಎಲ್ಲಿಗೆ ಎಂದು ಅವಳಿಗೆ ಹೇಳಲಿಲ್ಲ. ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಣ್ಣ ಎಂಬತ್ತರ ಹತ್ತಿರದ ಮುದುಕ. ಬಾಯಲ್ಲಿ ಒಂದೇ ಒಂದು ಹಲ್ಲಿಲ್ಲ, ಆದರೂ ಮಾತು ಕಚ್ಚುತ್ತಿತ್ತು.

"ಏಮಯ್ಯಾ, ಯಾರು ಕಳ್ಸಿದ್ದು ನಿನ್ನ?"

ಒಳ್ಳೆಯ ಕೆಲಸಕ್ಕೆ ಒಂದು ಸಣ್ಣ ಸುಳ್ಳು ತಪ್ಪಲ್ಲ ಎಂದುಕೊಂಡೆ. "ನಿಮ್ಮ ತಮ್ಮನೋರೇ ಕರ್ಕೊಂಡು ಬಾ ಅಂದ್ರು."

ಮುದುಕರು ಒಳಗೆ ಹೋಗಿ ಜರಿ ಶಲ್ಯ ಹೊದ್ದು ಬಂದರು. ವ್ಯಾನು ಚಿಕ್ಕಬಳ್ಳಾಪುರ ದಾಟಿತು. ಆಮೇಲೆ ಮೆಲ್ಲಗೆ ಕೇಳಿದರು. "ಏನೋ ಪುಸ್ತಕ ಬರ್ದವ್ನಂತೆ. ಅದ್ರಾಗೆ ನಾನಿದೀನಾ?"

"ಪುಟ ಪುಟಕ್ಕೂ ನೀವೇ ಸ್ವಾಮಿ!"

ಅದು ಅಕ್ಷರಶಃ ನಿಜ ಎಂದು ನನಗೆ ಆಮೇಲೆ ಗೊತ್ತಾಯಿತು.

ಚಿಂತಾಮಣಿಯಲ್ಲಿ ಅವರನ್ನು ಜಗಲಿಯ ಮೇಲೆ ಕೂರಿಸಿ ನಾನೊಬ್ಬನೇ ಒಳಗೆ ಹೋದೆ. ಭಾರ್ಗವಿ ಆಗಲೇ ಚಾಪೆಯ ಮೇಲೆ ಕೈಮುಗಿದು ಕೂತಿದ್ದಳು.

"ಓದಿದ್ರಾ?" ಎಂದರು ಗಂಗಾಧರಪ್ಪನವರು.

"ಓದ್ದೆ ಸ್ವಾಮಿ. ಕಣ್ಣಲ್ಲಿ ನೀರು ಬಂತು."

"ಯಾವ ಭಾಗಕ್ಕೆ?"

"ನಿಮ್ಮ ಅಣ್ಣನವರ ಭಾಗಕ್ಕೆ."

ವಿದ್ವಾನರ ಕಣ್ಣೂ ಒದ್ದೆಯಾಯಿತು. "ಅದನ್ನ ಬರೀವಾಗ ನಾನೂ ಅತ್ತೆ. ಇಷ್ಟು ಜನ ಬಂದ್ರು, ಅರ್ಥ ಮಾಡ್ಕೊಂಡೋರು ನೀವೊಬ್ರೇ" ಎಂದು ತಾಂಬೂಲದ ತಟ್ಟೆ ಎತ್ತಿಕೊಂಡರು. ಆ ತಟ್ಟೆ ಭಾರ್ಗವಿಯ ಕೈ ಸೇರಿದರೆ ಅವಳು ಶಿಷ್ಯೆ! ಮಗಳು ನನ್ನತ್ತ ನೋಡಿದಳು. ಹುಟ್ಟಿದಾಗಿನಿಂದ ಅವಳು ನನ್ನನ್ನು ಅಷ್ಟು ಹೆಮ್ಮೆಯಿಂದ ನೋಡಿದ್ದಿಲ್ಲ. ನಾನು ಅಲ್ಲಿಗೇ ಬಾಯಿ ಮುಚ್ಚಿದ್ದರೆ!

"ಅಂಥ ಅಣ್ಣನ್ನ ಪಡೆಯೋಕೆ ಪುಣ್ಯ ಬೇಕು ಸ್ವಾಮಿ. ಅದಕ್ಕೇ, ಇಗೋ, ಕರ್ಕೊಂಡೇ ಬಂದಿದೀನಿ!"

ವೆಂಕಟರಾಮಪ್ಪನವರು ಹೊಸ್ತಿಲು ದಾಟಿದರು. ತಟ್ಟೆ ಗಾಳಿಯಲ್ಲೇ ನಿಂತಿತು.

"ಕರೆಸಿದ್ಯಂತೆ. ಬಂದೆ" ಎಂದರು ಅಣ್ಣ.

"ನಾನು ಕರೆಸಿದ್ನಾ?" ಎಂದರು ತಮ್ಮ.

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಗೋಡೆಯ ಕಡೆ ತಿರುಗಿದೆ.

"ಇರ್ಲಿ, ನನ್ನ ಬಗ್ಗೆ ಅದೇನು ಬರ್ದಿದೀಯೋ ಓದ್ಸು" ಎಂದರು ಅಣ್ಣ.

ಸಂದರ್ಭವನ್ನು ಉಳಿಸುವ ಹೊಣೆ ನನ್ನದಲ್ಲವೇ? "ನಾನೇ ಓದ್ತೀನಿ" ಎಂದು ಪುಸ್ತಕ ಎತ್ತಿಕೊಂಡೆ. ಭಾರ್ಗವಿ ನನ್ನ ಅಂಗಿ ಜಗ್ಗಿದಳು. "ಅಪ್ಪಾ, ಹತ್ತನೇ ಪುಟ ಓದು. ಹತ್ತನೇ ಪುಟ!"

ಹತ್ತನೇ ಪುಟ ಯಾರಾದರೂ ಓದುತ್ತಾರೆ. ಪೂರ್ತಿ ಓದಿದವನು ಎಂದು ಎಲ್ಲರಿಗೂ ಗೊತ್ತಾಗಲಿ ಎಂದು ನಾನು ಪುಸ್ತಕವನ್ನು ಸರಿಯಾಗಿ ನಡುವೆ ತೆರೆದೆ. ನಾನು ಓದುವುದು ಬೆರಳಿಟ್ಟು, ಒಂದೊಂದೇ ಪದ. ಅರ್ಥ ತಲೆಗೆ ಹೋಗುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ.

"ನಮ್ಮ ಗುರುಗಳು... ನನಗೆ ಕೊಟ್ಟ ನಾದಸ್ವರವನ್ನು... ಹೊಟ್ಟೆಕಿಚ್ಚಿನಿಂದ... ನನ್ನ ಅಣ್ಣ... ಬಾವಿಗೆ ಎಸೆದ!"

ಗಟ್ಟಿಯಾಗಿ ಓದಿದ್ದೆ. ಬೀದಿಗೂ ಕೇಳಿಸಿತು.

"ಸುಳ್ಳು!" ಎಂದು ಅಣ್ಣ ಗುಡುಗಿದರು. "ಎಸೀಲಿಲ್ಲ. ಜಾರಿ ಬಿತ್ತು!"

"ಮೂವತ್ತು ವರ್ಷದಿಂದ ಅದನ್ನೇ ಹೇಳ್ತಿದೀಯ!"

"ಮೂವತ್ತು ವರ್ಷದಿಂದ ನೀನೂ ಅದನ್ನೇ ಹೇಳ್ತಿದೀಯ!"

ತಾಂಬೂಲದ ತಟ್ಟೆ ಕಪಾಟಿಗೆ ವಾಪಸು ಹೋಯಿತು. ಗಂಗಾಧರಪ್ಪನವರು ನನಗೆ ಬೈಯಲೂ ಇಲ್ಲ. "ಮಗು ತಪ್ಪೇನಿಲ್ಲ. ಆದ್ರೆ ಮುಂದಿನ ವಾರ ನೀವು ಇನ್ಯಾರನ್ನ ಕರ್ಕೊಂಡು ಬರ್ತೀರೋ, ನಂಗೆ ಭಯ ಆಗುತ್ತೆ. ಹೋಗ್ಬನ್ನಿ" ಎಂದು ಕೈ ಮುಗಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾಪಸು ಬರುವಾಗ ವ್ಯಾನಿನಲ್ಲಿ ಮುದುಕರು ನನ್ನ ಪಕ್ಕ ಕೂತಿದ್ದರು. ಭಾರ್ಗವಿ ಹಿಂದೆ ನೂಲಿನ ಮೂಟೆಗೆ ಒರಗಿ ಅಳುತ್ತಿದ್ದಳು. ಸದ್ದಿಲ್ಲದೆ ಅತ್ತಳು, ಅದೇ ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ನೂಲು ತೆಗೆದವನು, ಮಗಳ ಒಂದೇ ಒಂದು ಆಸೆಯ ಎಳೆಯನ್ನು ಕಡಿದು ಹಾಕಿದ್ದೆ.

ಶಿಡ್ಲಘಟ್ಟ ಬಂದಾಗ ಮುದುಕರು ಹಿಂದೆ ತಿರುಗಿದರು. "ಏಮ್ಮಾ, ಅಳ್ಬೇಡ. ಅವನಿಗೆ ಊದೋದು ಕಲ್ಸಿದ್ದು ಯಾರು? ನಾನು. ಊದೋಕೆ ನಂಗೆ ಹಲ್ಲಿಲ್ಲ, ಹಾಡಿ ತೋರುಸ್ತೀನಿ. ಭಾನುವಾರ ಬಾ." ಆಮೇಲೆ ನನ್ನನ್ನು ನೋಡಿದರು. "ನೀನೂ ಬಾರಯ್ಯಾ. ಆ ಪುಸ್ತಕ ತಗೊಂಡು ಬಾ. ಮೊದಲ್ನೇ ಪುಟದಿಂದ ಓದಿ ಹೇಳ್ಬೇಕು."

ಈಗ ಪ್ರತಿ ಭಾನುವಾರ ಗೌರಿಬಿದನೂರು. ಭಾರ್ಗವಿಯ ಪಾಠ ಒಂದು ಗಂಟೆ. ನನ್ನದು ಮೂರು. ಸಾಲಿಗೊಂದು ಸಲ ಮುದುಕರು "ಸುಳ್ಳು!" ಎನ್ನುತ್ತಾರೆ. ಅದೇ ಸಾಲನ್ನು ಮತ್ತೆ ಓದಿಸುತ್ತಾರೆ. ಮತ್ತೆ "ಸುಳ್ಳು!" ಎನ್ನುತ್ತಾರೆ. ಮಗಳು ಸ್ವರಾಭ್ಯಾಸದ ಅಲಂಕಾರ ಮುಗಿಸಿ ಗೀತೆಗೆ ಬಂದಳು. ನಾನಿನ್ನೂ ಅರವತ್ತೊಂದನೇ ಪುಟದಲ್ಲಿದ್ದೇನೆ. ಬಾವಿ ಬರಲು ಇನ್ನೂ ತೊಂಬತ್ತೈದು ಪುಟವಿದೆ.

ಕಳೆದ ವಾರ ಮುದುಕರು ಒಂದು ಹೊಸ ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. "ನಾನೂ ಒಂದು ಆತ್ಮಕಥೆ ಬರೀತೀನಿ. ನಾನು ಹೇಳ್ತೀನಿ, ನೀನು ಬರ್ಕೋ."

ಅವರು ಹೇಳಿದ ಮೊದಲ ಸಾಲನ್ನು ನಾನೇ ನನ್ನ ಕೈಯಾರೆ ದುಂಡಗೆ ಬರೆದೆ: 'ನನ್ನ ತಮ್ಮನ ಆತ್ಮಕಥೆಯನ್ನು ಓದದೇ ಇದ್ದ ಒಬ್ಬ ದಡ್ಡ ಶಿಡ್ಲಘಟ್ಟದಿಂದ ಬಂದಿದ್ದರಿಂದ ಇದನ್ನು ಬರೆಯಬೇಕಾಯಿತು.'

ಓದಲೇಬೇಕಾದ ಆತ್ಮಕಥೆಗಳ ಪಟ್ಟಿಗೆ ಇದೂ ಒಂದು ದಿನ ಸೇರಬಹುದು. ಓದುಗರಿಗೆ ಒಂದು ಅನುಕೂಲ. ಪೂರ್ತಿ ಓದುವ ಕಷ್ಟವಿಲ್ಲ, ಮೇಲಿನ ಹಿಡಿಯಲ್ಲೇ ನಾನು ಸಿಗುತ್ತೇನೆ.